ದಾವಣಗೆರೆಯಲ್ಲಿ ಕುಡಿತ ಬಿಡಲು: ಎಎ ಮೀಟಿಂಗೋ, ಎಂಟು ದಿನದ ಶಿಬಿರವೋ, ಮೊಬೈಲ್ ಸಭೆಯೋ?

ಮೂರನ್ನೂ ನೋಡಿದ ಮೇಲೆ ನನ್ನ ಮತ ಊರಲ್ಲೇ ಸಂಜೆ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಮೀಟಿಂಗಿಗೆ. ಕುಡಿತ ಬಿಡಬೇಕೆನ್ನುವವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ ಗುಂಪು ಇದು. ಅಂಗಡಿ ಬಾಗಿಲು ಎಳೆದ ಮೇಲಿನ ಹೊತ್ತೇ ನನಗೆ ಕಷ್ಟದ್ದು. ಕಾಲು ತಾನಾಗಿ ವೈನ್ ಶಾಪ್ ಕಡೆ ತಿರುಗುವುದು ಆಗಲೇ. ಆ ಹೊತ್ತು ಮೀಟಿಂಗಿನಲ್ಲಿ ಕಳೆದರೆ ಅವತ್ತಿನ ದಿನ ದಾಟುತ್ತದೆ.

ಆದರೆ ಮೀಟಿಂಗ್ ಹುಡುಕುವುದೇ ದೊಡ್ಡ ತಲೆನೋವು. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುವುದು ದುಡ್ಡು ತೆಗೆದುಕೊಂಡು ಅಡ್ಮಿಟ್ ಮಾಡಿಕೊಳ್ಳುವ ಖಾಸಗಿ ಕೇಂದ್ರಗಳು. ನಂಬರ್ ಕೊಟ್ಟುಬಿಟ್ಟರೆ ಫೋನ್ ಮೇಲೆ ಫೋನ್. ಗುರುತು ಹಿಡಿಯುವುದು ಸುಲಭ: ಎಎ ಯಾರನ್ನೂ ಅಡ್ಮಿಟ್ ಮಾಡಿಕೊಳ್ಳುವುದಿಲ್ಲ, ಫೀಸು ಕೇಳುವುದಿಲ್ಲ, ಆಧಾರ್ ಕೇಳುವುದಿಲ್ಲ, ಮಾತ್ರೆ ಕೊಡುವುದಿಲ್ಲ. ಇದರಲ್ಲಿ ಒಂದು ನಡೆದರೂ ನೀವು ಬೇರೆ ಕಡೆ ಫೋನ್ ಮಾಡಿದ್ದೀರಿ ಎಂದೇ ಅರ್ಥ. ಎಎ ಇಂಡಿಯಾದ್ದೇ ವೆಬ್‌ಸೈಟ್ ಇದೆ, ಹುಡುಕಾಟ ಅಲ್ಲಿಂದ ಶುರು ಮಾಡಿ.

ಮೀಟಿಂಗ್ ಪಟ್ಟಿಯಲ್ಲಿರುವ ವಿಳಾಸವನ್ನೇ ನಂಬಿ ಹೊರಡಬೇಡಿ. ಗುಂಪುಗಳಿಗೆ ಸ್ವಂತ ಕಟ್ಟಡ ಇರುವುದಿಲ್ಲ. ಶಾಲೆಯದೋ ಚರ್ಚಿನದೋ ಒಂದು ಕೋಣೆಯಲ್ಲಿ ಸೇರುತ್ತಾರೆ. ಪರೀಕ್ಷೆ, ಹಬ್ಬ ಬಂದರೆ ಕೋಣೆ ಸಿಗದೆ ಜಾಗ, ಹೊತ್ತು ಎರಡೂ ಬದಲಾಗುತ್ತವೆ, ಪಟ್ಟಿ ಮಾತ್ರ ಹಳೆಯದೇ ಇರುತ್ತದೆ. ಹೆಸರು ಗುಟ್ಟಾಗಿರಬೇಕೆಂಬ ನಿಯಮ ಇರುವುದರಿಂದ ರಸ್ತೆಗೆ ಕಾಣುವ ಬೋರ್ಡನ್ನೂ ನಿರೀಕ್ಷಿಸಬೇಡಿ. ಕತ್ತಲಲ್ಲಿ ಬೀಗ ಹಾಕಿದ ಶಾಲೆ ಗೇಟು ನೋಡಿ ವಾಪಸ್ ಬಂದವನು ಇನ್ನೊಮ್ಮೆ ಹೋಗುವುದು ಕಷ್ಟ.

ಅದಕ್ಕೇ ಅವತ್ತೇ ಫೋನ್ ಮಾಡಿ. ಗುಂಪಿನ ನಂಬರ್ ಸಾಮಾನ್ಯವಾಗಿ ಆಫೀಸಿನದಲ್ಲ, ದಿನವಿಡೀ ದುಡಿಯುವ ಸದಸ್ಯರೊಬ್ಬರದು. ಮಧ್ಯಾಹ್ನ ಊಟದ ಹೊತ್ತು ಇಲ್ಲವೇ ಸಂಜೆ ಆರರ ಮೇಲೆ ಮಾಡಿ, ಎತ್ತದಿದ್ದರೆ ಮೆಸೇಜ್ ಹಾಕಿ. ನಿಮ್ಮ ಹೆಸರು ಹೇಳಬೇಕಿಲ್ಲ. ಇವತ್ತು ಮೀಟಿಂಗ್ ಇದೆಯಾ, ಕನ್ನಡದಲ್ಲಿ ನಡೆಯುತ್ತದಾ, ಯಾವ ಗೇಟಿನಿಂದ ಒಳಗೆ ಬರಬೇಕು, ಓಪನ್ನೋ ಕ್ಲೋಸ್ಡೋ ಎಂದು ಕೇಳಿ. ಓಪನ್ ಆದರೆ ಮನೆಯವರೂ ಬರಬಹುದು. ಕ್ಲೋಸ್ಡ್ ಆದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಒಬ್ಬರೇ ಒಳಗೆ ಹೋಗಲು ಅಳುಕಿದ್ದರೆ ‘ಅಣ್ಣಾ, ಜಯದೇವ ಸರ್ಕಲ್ ಹತ್ತಿರ ನಿಂತಿರ್ತೀನಿ’ ಎನ್ನಿ. ಬಂದು ಕರೆದುಕೊಂಡು ಹೋಗುವವರು ಸಾಮಾನ್ಯವಾಗಿ ಸಿಗುತ್ತಾರೆ.

ಒಳಗೆ ಪ್ರಾರ್ಥನೆ, ಒಂದಿಷ್ಟು ಓದು, ಆಮೇಲೆ ಒಬ್ಬೊಬ್ಬರಾಗಿ ಶೇರಿಂಗ್, ಅಂದರೆ ತಮ್ಮ ಅನುಭವ ಹೇಳಿಕೊಳ್ಳುವುದು. ‘ಇವತ್ತು ಕೇಳ್ತೀನಿ ಅಷ್ಟೇ’ ಎಂದರೆ ಒತ್ತಾಯ ಮಾಡುವುದಿಲ್ಲ. ಕೊನೆಗೆ ಡಬ್ಬಿ ಬರುತ್ತದೆ. ಹತ್ತೋ ಇಪ್ಪತ್ತೋ ಹಾಕಿ, ಇಲ್ಲದಿದ್ದರೆ ಮುಂದೆ ದಾಟಿಸಿ. ಜೊತೆಗೆ ಬಂದ ಮನೆಯವರು ಹಾಕುವಂತಿಲ್ಲ, ಸದಸ್ಯರ ದುಡ್ಡಿನಲ್ಲೇ ಗುಂಪು ನಡೆಯಬೇಕೆಂಬುದು ಎಎ ನಿಯಮಗಳಲ್ಲಿ, ಅಂದರೆ ಅವರ ‘ಸಂಪ್ರದಾಯ’ಗಳಲ್ಲಿ, ಏಳನೆಯದು. ಮುಗಿದ ತಕ್ಷಣ ಚಪ್ಪಲಿ ಮೆಟ್ಟಿ ಓಡಬೇಡಿ. ಹೊರಗೆ ನಿಂತು ಚಹಾ ಕುಡಿಯುವಾಗ ಇಬ್ಬರ ನಂಬರಾದರೂ ಬರೆದುಕೊಳ್ಳಿ, ರಾತ್ರಿ ಹತ್ತಕ್ಕೆ ಚಡಪಡಿಕೆ ಶುರುವಾದಾಗ ಬೇಕಾಗುವುದು ಅದೇ. ಪರಿಚಯದವರು ಸಿಕ್ಕರೆ? ಸಿಗಬಹುದು. ಅವರೂ ಅದಕ್ಕೇ ಬಂದಿರುತ್ತಾರೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಎಂಟು ದಿನದ್ದು, ಅಲ್ಲೇ ಉಳಿಯಬೇಕು. ಮನೆಯಲ್ಲಿದ್ದು ಬಿಡಲಾಗದವರಿಗೆ, ಜಗಳೂರು, ಚನ್ನಗಿರಿ ಕಡೆಯ ಹಳ್ಳಿಯವರಿಗೆ ಇದೇ ಮೇಲು. ಮನೆಯವರನ್ನೂ ಕೂರಿಸಿ ಮಾತಾಡುತ್ತಾರೆ. ನಿಮ್ಮ ಕಡೆ ಶಿಬಿರ ಯಾವಾಗ ಎಂದು ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ಕೇಳಬೇಕು, ಅಲ್ಲಿಯವರೆಗೆ ಕಾಯಬೇಕು. ಅಂಗಡಿ ಇಟ್ಟುಕೊಂಡವರಿಗೆ ಎಂಟು ದಿನ ಬಾಗಿಲು ಹಾಕುವುದೆಂದರೆ ಅದೇ ದೊಡ್ಡ ಖರ್ಚು. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಯ, ಅಂದರೆ ಶಿಬಿರ ಮುಗಿಸಿದವರ ಗುಂಪಿನ, ಸಭೆ ತಪ್ಪಿಸಿದರೆ ಹಳೇ ಗೆಳೆಯರು ಮತ್ತೆ ಎಳೆದುಕೊಳ್ಳುತ್ತಾರೆ.

ಮೊಬೈಲ್ ಸಭೆ, ಅಂದರೆ ಆನ್‌ಲೈನಿನಲ್ಲಿ ಸೇರುವ ಎಎ ಮೀಟಿಂಗ್, ರಾತ್ರಿ ನಿದ್ದೆ ಬಾರದಾಗ ಒಳ್ಳೆಯದು. ಅದೊಂದನ್ನೇ ನೆಚ್ಚಿಕೊಳ್ಳಬೇಡಿ, ಕ್ಯಾಮೆರಾ ಆಫ್ ಇದ್ದರೆ ಪಕ್ಕದಲ್ಲಿ ಬಾಟಲಿ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಯಾವುದನ್ನೇ ಆರಿಸಿಕೊಳ್ಳಿ, ದಿನಾ ವಿಪರೀತ ಕುಡಿಯುವವರು ಡಾಕ್ಟರನ್ನು ಕೇಳದೆ ಏಕಾಏಕಿ ನಿಲ್ಲಿಸಬಾರದು. ಕೊನೆಯ ಪೆಗ್ಗಿನ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಬಡಬಡಿಕೆ, ಇಲ್ಲದ್ದು ಕಾಣುವುದು ಶುರುವಾದರೆ ಜೀವಕ್ಕೇ ಅಪಾಯ. ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರಿಗೂ ಒಂದು ಮಾತು: ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಗೊತ್ತಾಗದಂತೆ ಸಾರಿನಲ್ಲಿ ಬೆರೆಸಬೇಡಿ. ಅದರ ಮೇಲೆ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು.

ಬಸ್ ಚಾರ್ಜು, ಡಬ್ಬಿಗೆ ಹತ್ತು ರೂಪಾಯಿ, ಒಂದು ಚಹಾ: ಎಎಗೆ ಆಗುವ ಖರ್ಚು ಇಷ್ಟೇ. ಹರಿಹರದ ಕಡೆಯಿಂದ ಬರುವವರು ವಾಪಸ್ ಬಸ್ಸಿನ ಹೊತ್ತು ಮೊದಲೇ ನೋಡಿಕೊಂಡು, ಬೇಗ ಹೊರಡಬೇಕಾಗುತ್ತದೆ ಎಂದು ಮೀಟಿಂಗ್ ನಡೆಸುವವರಿಗೆ ಶುರುವಿನಲ್ಲೇ ಹೇಳಿ. ಶೇರಿಂಗಿಗೆ ನಿಮ್ಮನ್ನು ಮೊದಲು ಕರೆಯಬಹುದು.