ಬೇಲಂ ಗುಹೆಯೋ, ಬೊರ್ರಾ ಗುಹೆಯೋ?

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಅಂಕಲಿ ಮಠದ ಗುಹೆ ನೋಡಿದವರು ಸುಣ್ಣದಕಲ್ಲಿನ ಗುಹೆಯೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಆಂಧ್ರದ ಬೇಲಂ, ಬೊರ್ರಾ ಎರಡೂ ಸುಣ್ಣದಕಲ್ಲಿನವು, ಇವನ್ನು ಕೊರೆದದ್ದು ನೀರು.

ಚಿತ್ರದುರ್ಗಕ್ಕೆ ಹತ್ತಿರದ್ದು ಬೇಲಂ. ಚಳ್ಳಕೆರೆ, ಬಳ್ಳಾರಿ, ಗುತ್ತಿ, ತಾಡಿಪತ್ರಿ ದಾರಿ. ಉದ್ದ 3,229 ಮೀಟರ್. ಜನರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿ.ಮೀ. ನೀರು ಹರಿಯುವ ಪಾತಾಳಗಂಗೆ ಬಾಗಿಲಿಗಿಂತ 46 ಮೀಟರ್ ಕೆಳಗಿದೆ. ಒಳಗೆ ಗಾಳಿಯಾಡುವುದು ಕಡಿಮೆ, ತೇವ ಜಾಸ್ತಿ. ಹಾಗಾಗಿ ತಂಪಿನ ಆಸೆ ಬಿಡಿ, ಬೆವರು ಸುರಿಯುತ್ತದೆ. ಕೆಲವೆಡೆ ಬಗ್ಗಿಯೇ ನಡೆಯಬೇಕು. ಅಟ್ಟೆ ಸವೆದ ಚಪ್ಪಲಿ ಒದ್ದೆ ಮೆಟ್ಟಿಲಲ್ಲಿ ಜಾರುತ್ತದೆ.

ಬೊರ್ರಾ ವಿಶಾಖಪಟ್ಟಣದಾಚೆ, ಅನಂತಗಿರಿ ಬೆಟ್ಟಗಳಲ್ಲಿ. ಗೋಸ್ತನಿ ನದಿಯ ಕೈವಾಡ. ಒಳಗೆ ವಿಶಾಲ, ಛಾವಣಿ ಎತ್ತರ. ಇಕ್ಕಟ್ಟಿಗೆ ಹೆದರುವವರಿಗೆ ಇದೇ ಸರಿ. ಮೆಟ್ಟಿಲು ಮಾತ್ರ ಬಹಳ, ಮಂಡಿನೋವಿನವರು ಯೋಚಿಸಿ.

ಎರಡೇ ದಿನ ರಜೆಯಿದ್ದರೆ ಬೇಲಂ. ಬೊರ್ರಾಕ್ಕೆ ಹತ್ತಿರದ ಅರಕು ಕಣಿವೆ ಸೇರಿಸಿಯೇ ಹೊರಡಿ.