‘ಸೀಲ್ ಪ್ಯಾಕ್, ಲಾಸ್ಟ್ ಪೀಸ್ ಸರ್’: ಮರದ ಹಡಗಿನ ಕಿಟ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಬೆಂಗಳೂರಿನಲ್ಲಿ ವಾಟ್ಸಾಪ್‌ನಲ್ಲೇ ಮರದ ಹಡಗಿನ ಕಿಟ್ (ಬಿಡಿಭಾಗ ಜೋಡಿಸಿ ಪುಟ್ಟ ಮಾದರಿ ಹಡಗು ಕಟ್ಟುವ ಪೆಟ್ಟಿಗೆ) ಮಾರುವ ಒಬ್ಬ ಆಸಾಮಿ ಇದ್ದಾನೆ. ಅಂಗಡಿ ಇಲ್ಲ, ಬಿಲ್ ಇಲ್ಲ. "ಯುರೋಪ್ ಕಂಪನಿ ಮಾಲು ಸರ್, ಸೀಲ್ ಪ್ಯಾಕ್, ಲಾಸ್ಟ್ ಪೀಸ್" ಅಂತ ಫೋಟೋ ಕಳಿಸುತ್ತಾನೆ. ನನ್ನ ₹16,800 ಹೋಯಿತು. ಬಂದದ್ದು ನಕಲಿ. ನಕಲಿ ಅಂದರೆ ಮರ ಸ್ವಲ್ಪ ಕಳಪೆ, ಉಜ್ಜಿದರೆ ಸರಿಹೋಗುತ್ತೆ ಅನ್ನುವ ನಕಲಿ ಅಲ್ಲ. ಒಂದು ಭಾಗ ಇನ್ನೊಂದರೊಳಗೆ ಕೂರದ ನಕಲಿ. ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ, ಯಾಕೆಂದರೆ ಇದು ನನ್ನ ಮೊದಲ ಕಿಟ್ ಅಲ್ಲ. ಆದರೂ ಬರೆಯುತ್ತಿದ್ದೇನೆ, ಆ ಜಾಹೀರಾತು ಇನ್ನೂ ಓಡುತ್ತಿದೆ.

ಹಡಗು ಬೌಂಟಿ. ನಾಯಕನ ಮೇಲೆ ನಾವಿಕರು 1789ರ ಏಪ್ರಿಲ್‌ನಲ್ಲಿ ದಂಗೆ ಎದ್ದರಲ್ಲ, ಅದೇ. ಪೆಟ್ಟಿಗೆಯ ಮೇಲೆ 1:48 ಅಂತ ಇತ್ತು, ಅಂದರೆ ನಿಜವಾದ ಹಡಗಿನ 48ನೇ ಒಂದು ಅಳತೆ. ಹಲಗೆ ಸುತ್ತಿ ಕಟ್ಟುವ ಮಾದರಿ: ನಡುವೆ ಬೆನ್ನೆಲುಬಿನಂಥ ಪ್ಲೈವುಡ್ ಕೀಲ್, ಅದಕ್ಕೆ ಅಡ್ಡಲಾಗಿ ಪಕ್ಕೆಲುಬಿನಂಥ 13 ಬಲ್ಕ್‌ಹೆಡ್, ಮೇಲೆ ಲೈಮ್‌ವುಡ್ ಪಟ್ಟಿಯ ಮೊದಲ ಪದರ, ಅದರ ಮೇಲೆ ತೆಳು ವಾಲ್‌ನಟ್‌ನ ಎರಡನೇ ಪದರ. ಮಾಮೂಲಿ. ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ ಕೆಳಗೆ ಕೈಗೆ ಕೊಟ್ಟ. ಪ್ಲಾಸ್ಟಿಕ್ ಸುತ್ತು ಬಿಗಿಯಾಗಿತ್ತು. "ಸರ್, ಸೀಲ್ ಒಡೆದ ಮೇಲೆ ವಾಪಸ್ ಇಲ್ಲ, ಅದು ಕಂಪನಿ ರೂಲ್ಸು" ಅಂದ. ಅಸಲಿ ಕಿಟ್‌ಗಳೂ ಹಾಗೆ ಸುತ್ತಿಕೊಂಡೇ ಬರುವುದುಂಟು, ಅದಕ್ಕೇ ಅನುಮಾನ ಬರಲಿಲ್ಲ. ಆ ಸುತ್ತನ್ನು ಒಂದು ಬಿಸಿಗಾಳಿ ಗನ್ ಇದ್ದರೆ ಯಾರು ಬೇಕಾದರೂ ಮನೆಯಲ್ಲೇ ಹಾಕಬಹುದು. ಬಿಲ್ ಕೇಳಿದ್ದಕ್ಕೆ "ಜಿಎಸ್‌ಟಿ ಸೇರಿದ್ರೆ ರೇಟ್ ಜಾಸ್ತಿ ಆಗುತ್ತೆ ಸರ್, ನಿಮಗೇ ಲಾಸು" ಅಂತ ನಕ್ಕ. ಅಲ್ಲೇ ಹಿಂದೆ ತಿರುಗಬೇಕಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಅಂಟು ಹಾಕುವ ಮುಂಚೆ ಎಲ್ಲ ಬಲ್ಕ್‌ಹೆಡ್‌ಗಳನ್ನೂ ಹಾಗೇ ಕೀಲ್‌ಗೆ ಕೂರಿಸಿ ನೋಡುವುದು ವಾಡಿಕೆ. ಮೊದಲನೆಯದು ಕಚ್ಚಿನೊಳಗೆ ಇಳಿಯಲಿಲ್ಲ. ಭಾಗ ಕತ್ತರಿಸುವ ಲೇಸರ್ ಸರಿಯಾಗಿ ಸುಟ್ಟಿಲ್ಲ ಅಂದುಕೊಂಡು ಎರಡನೆಯದಕ್ಕೆ ಹೋದರೆ ಅದೂ ಇಳಿಯಲಿಲ್ಲ. ಮೂರನೆಯದೂ ಅದೇ. ಕ್ಯಾಲಿಪರ್ (ಮಿಲಿಮೀಟರಿನ ಚೂರನ್ನೂ ಅಳೆಯುವ ಸಾಧನ) ಇಟ್ಟು ನೋಡಿದರೆ ಪ್ಲೈ ದಪ್ಪ 4 ಮಿ.ಮೀ., ಭಾಗಗಳ ಪಟ್ಟಿಯಲ್ಲೂ 4. ಕಚ್ಚಿನ ಅಗಲ ಮಾತ್ರ 3.6. ಹದಿಮೂರಕ್ಕೆ ಹದಿಮೂರೂ 3.6! ಲೇಸರ್ ತಪ್ಪಿದ್ದರೆ ಒಂದು 3.7, ಒಂದು 3.9, ಒಂದು ಓರೆ, ಹೀಗೆ ಹೆಚ್ಚುಕಮ್ಮಿ ಬರುತ್ತದೆ. ಎಲ್ಲವೂ ಒಂದೇ ಅಳತೆಗೆ ತಪ್ಪುವುದು ಅಪರೂಪ. ಆಮೇಲೆ ಡೆಕ್‌ನಲ್ಲಿ (ಹಡಗಿನ ಮೇಲಟ್ಟದಲ್ಲಿ) ಹಾಯಿಕಂಬ ಕೂರುವ ತೂತು ಅಳೆದೆ. ಪೆಟ್ಟಿಗೆಯಲ್ಲಿರುವ ಕಂಬದ ಕೋಲು 8 ಮಿ.ಮೀ., ತೂತು 7.2.

3.6 ಭಾಗಿಸು 4. ಎಷ್ಟು? 7.2 ಭಾಗಿಸು 8. ಎಷ್ಟು? ಎರಡೂ 0.9. ಅಲ್ಲಿಗೆ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು.

ಪೂರ್ತಿ ಖಾತ್ರಿಗೆ ಇನ್ನೊಂದು ಲೆಕ್ಕ. ನಿಜವಾದ ಬೌಂಟಿಯ ಉದ್ದ 90 ಅಡಿ 10 ಇಂಚು, ಅಂದರೆ 27.69 ಮೀಟರ್. ಅದನ್ನು 48ರಿಂದ ಭಾಗಿಸಿದರೆ 577 ಮಿ.ಮೀ. ಬರಬೇಕು. ಕೀಲ್ ಮೇಲೆ ಡೆಕ್ ಗೆರೆ ಹಿಡಿದು ಅಳೆದರೆ ಬಂದದ್ದು 519. ಮತ್ತೆ ಅದೇ 0.9. ಯಾರೋ ಅಸಲಿ ಕಿಟ್‌ನ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಶೇ 90ಕ್ಕೆ ಕುಗ್ಗಿಸಿ ಕತ್ತರಿಸಿದ್ದಾರೆ. ಕಾರಣ ಊಹಿಸೋಕೆ ಪಂಡಿತರು ಬೇಕಿಲ್ಲ: ಮುಂದಿನ ಮೂತಿ ಸೇರಿದರೆ 1:48ರ ಕೀಲ್ 600 ಮಿ.ಮೀ. ಹಾಳೆಯಲ್ಲಿ ಹಿಡಿಯುವುದಿಲ್ಲ, ಕುಗ್ಗಿಸಿದರೆ ಹಿಡಿಯುತ್ತದೆ. ಚಿತ್ರ ಕುಗ್ಗಿಸಿದಾಗ ಉದ್ದ, ಅಗಲ, ಕಚ್ಚಿನ ಆಳ ಎಲ್ಲ ಒಟ್ಟಿಗೆ ಕುಗ್ಗುತ್ತವೆ, ಸರಿ. ಆದರೆ ಅಂಗಡಿಯಿಂದ ತಂದ ಪ್ಲೈವುಡ್‌ನ ದಪ್ಪ ಕುಗ್ಗುತ್ತದೆಯೇ? ಅಚ್ಚಿನಲ್ಲಿ ಎರೆದ ಲೋಹದ ಕಿಟಕಿ ಕುಗ್ಗುತ್ತದೆಯೇ? ಹಿಂಭಾಗದ ಕಿಟಕಿಯ ಜಾಗ 10.8 ಮಿ.ಮೀ., ಕೊಟ್ಟಿರುವ ಕಿಟಕಿ 12. ಒಡಲು 1:53ರದ್ದು, ಮೇಲಿನ ಸಾಮಾನೆಲ್ಲ 1:48ರದ್ದು. ತಮ್ಮನ ಮೈಗೆ ಅಣ್ಣನ ಕೈಕಾಲು ಜೋಡಿಸಿದ ಹಾಗೆ.

ಫೋಟೋ ತೆಗೆದು, ಕ್ಯಾಲಿಪರ್ ಸಮೇತ ಅವನಿಗೆ ಕಳಿಸಿದೆ. ಉತ್ತರಗಳನ್ನು ಬಂದ ಕ್ರಮದಲ್ಲೇ ಕೊಡುತ್ತೇನೆ, ಓದಿ.

"ಸರ್, ಮರ ಅಂದ್ರೆ ಹಾಗೇ. ಸ್ವಲ್ಪ ಸ್ಯಾಂಡ್ ಮಾಡ್ಕೊಳ್ಳಿ."

ಹದಿಮೂರು ಕಡೆಯೂ 3.6 ಇದೆ, ಇದು ಮರದ ಸಮಸ್ಯೆ ಅಲ್ಲ ಅಂತ ಬರೆದೆ.

"ಬೆಂಗಳೂರು ಮಳೆ ಸರ್, ತೇವಕ್ಕೆ ಪ್ಲೈ ಊದ್ಕೊಂಡಿರುತ್ತೆ. ಬಿಸಿಲಿಗಿಡಿ."

ತೇವಕ್ಕೆ ಪ್ಲೈ ಬಾಗುತ್ತದೆ, ಒಪ್ಪುತ್ತೇನೆ. ಲೈಮ್‌ವುಡ್ ಪಟ್ಟಿ ಅಗಲವಾಗುತ್ತದೆ, ಅದನ್ನೂ ಒಪ್ಪುತ್ತೇನೆ; ಜುಲೈ ಮಳೆಯಲ್ಲಿ ಬಿಗಿಯಾಗಿ ಕೂರಿಸಿದ ಪಟ್ಟಿಗಳ ಮಧ್ಯೆ ಮಾರ್ಚ್‌ನಲ್ಲಿ ಕೂದಲೆಳೆಯ ಸಂದು ಬಿಡುವುದನ್ನು ಈ ಊರಲ್ಲಿ ಹಡಗು ಕಟ್ಟುವವರೆಲ್ಲ ನೋಡಿರುತ್ತಾರೆ. ಆದರೆ 4 ಮಿ.ಮೀ. ಅಂತ ಬರೆದಿರುವ ಪ್ಲೈ 4 ಮಿ.ಮೀ.ಯೇ ಇದೆಯಪ್ಪಾ! ಊದಿಲ್ಲ! ಕಚ್ಚು ಚಿಕ್ಕದಾಗಿದೆ! ಇದನ್ನೇ ಮೂರು ಸಲ ಬರೆದೆ. ಆಗ ಬಂತು ನೋಡಿ:

"ನಿಮಗೆ ಇದು ಫಸ್ಟ್ ಟೈಮಾ ಸರ್? ಈ ಹಾಬಿಗೆ ತಾಳ್ಮೆ ಬೇಕು."

ದುಡ್ಡು ಹೋದದ್ದಕ್ಕಿಂತ ಈ ಒಂದು ಸಾಲು ಉರಿಸಿತು. ಯುರೋಪ್ ಕಂಪನಿ ಅಂದಿರಲ್ಲ, ಕಾಣೆಯಾದ ಭಾಗ ಕೇಳಲು ಇರುವ ಚೀಟಿ ಎಲ್ಲಿ ಅಂತ ಕೇಳಿದ್ದಕ್ಕೆ "ಇಂಡಿಯಾ ಮಾಡೆಲ್‌ಗೆ ಅದು ಬರಲ್ಲ" ಅಂದ. ಇಂಡಿಯಾ ಮಾಡೆಲ್ ಅಂತೆ! ಕೊನೆಗೆ ವಾಯ್ಸ್ ಮೆಸೇಜ್: "ಓಪನ್ ಮಾಡಿ, ಯೂಸ್ ಮಾಡಿ, ಆಮೇಲೆ ವಾಪಸ್ ಅಂದ್ರೆ ಹೆಂಗೆ ಗುರು? ನಾನು ಬಿಸಿನೆಸ್ ಮಾಡೋದು ಬೇಡ್ವಾ?" ಅಷ್ಟು ದಿನ ಸರ್ ಆಗಿದ್ದವನು ಗುರು ಆಗಿದ್ದೆ. ಮಾರನೇ ದಿನದಿಂದ ಅವನ ಡಿಪಿ ಕಾಣಿಸುತ್ತಿಲ್ಲ, ಮೆಸೇಜಿಗೆ ಒಂದೇ ಟಿಕ್.

ಉಳಿದ ದೋಷಗಳನ್ನೂ ಹೇಳಿಬಿಡುತ್ತೇನೆ, ಬೇರೆ ಹೆಸರಿನ ಪೆಟ್ಟಿಗೆಯಲ್ಲೂ ಇವೇ ಸಿಗುತ್ತವೆ.

ವಾಲ್‌ನಟ್ ಅಂತ ಕೊಟ್ಟ 0.5 ಮಿ.ಮೀ. ಪಟ್ಟಿ ವಾಲ್‌ನಟ್ ಅಲ್ಲ. ಒದ್ದೆ ಹತ್ತಿಯಿಂದ ಒರೆಸಿದರೆ ಹತ್ತಿಗೆ ಕಂದು ಬಣ್ಣ ಹತ್ತಿತು. 240ರ ಸ್ಯಾಂಡ್‌ಪೇಪರ್‌ನಲ್ಲಿ ನಾಲ್ಕು ಸಲ ಎಳೆದರೆ ಒಳಗೆ ಬಿಳಿ ಮರ. ಎರಡನೇ ಪದರ ಅಂಟಿಸಿದ ಮೇಲೆ ಇಡೀ ಒಡಲನ್ನು ಉಜ್ಜಲೇಬೇಕು. ಬಣ್ಣ ಹಚ್ಚಿದ ಪಟ್ಟಿಯಾದರೆ ಉಜ್ಜಿದ ಕಡೆಯೆಲ್ಲ ತೊನ್ನು ಹತ್ತಿದ ಹಾಗೆ ಕಾಣುತ್ತದೆ, ಮತ್ತೆ ಬಣ್ಣ ಹಚ್ಚೋಣ ಅಂದರೆ ಫೆವಿಕ್ವಿಕ್ ತಾಗಿದ ಜಾಗ ಬಣ್ಣ ಕುಡಿಯುವುದಿಲ್ಲ.

ಮೊದಲ ಪದರದ ಪಟ್ಟಿ 1.5×5 ಮಿ.ಮೀ. ಭಾಗಗಳ ಪಟ್ಟಿಯಲ್ಲಿ 70 ಅಂತ ಇದೆ, ಪೆಟ್ಟಿಗೆಯಲ್ಲಿ ಇದ್ದದ್ದು 56. ನಡುವಿನ ಬಲ್ಕ್‌ಹೆಡ್‌ನ ಅಂಚಿಗೆ ಕೀಲ್‌ನಿಂದ ಮೇಲಿನ ಅಂಚಿನವರೆಗೆ ದಾರ ಹಿಡಿದು ಅಳೆದರೆ 138 ಮಿ.ಮೀ. ಐದರಿಂದ ಭಾಗಿಸಿದರೆ ಒಂದು ಬದಿಗೆ 28 ಪಟ್ಟಿ, ಎರಡು ಬದಿಗೆ 56. ಲೆಕ್ಕ ಹಾಕಿಯೇ ಕೊಟ್ಟಿದ್ದಾನೆ ಕಳ್ಳ! ಆದರೆ ಒಂದೂ ಮುರಿಯದೆ ಬೌಂಟಿಯಂಥ ದುಂಡು ಮೂತಿಗೆ ಪಟ್ಟಿ ಬಾಗಿಸುವವರು ಯಾರಿದ್ದಾರೆ? ನೆನೆಹಾಕಿ, ಬಿಸಿ ಮಾಡಿ ಬಾಗಿಸಿದರೂ ಎಳೆ ಓರೆಯಾಗಿರುವ ಪಟ್ಟಿ ಟಪ್ಪೆನ್ನುತ್ತದೆ. ಹಿಂಭಾಗದಲ್ಲಿ ಒಡಲು ಅಗಲವಾಗುವ ಕಡೆ ತುಂಬುವ ಮುಕ್ಕೋನದ ತುಂಡುಗಳಿಗೂ ಪಟ್ಟಿ ಬೇಕು. ಶೇ 15 ಹೆಚ್ಚುವರಿ ಇಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅಂದರೆ ಕನಿಷ್ಠ 65.

ದಾರ ನಾಲ್ಕು ದಪ್ಪದ್ದು ಇರಬೇಕಿತ್ತು: 0.25, 0.5, 0.75, 1 ಮಿ.ಮೀ. ಕಂಬ ಹಿಡಿದು ನಿಲ್ಲಿಸುವ ಹಗ್ಗಕ್ಕೆ ಕಪ್ಪು, ಹಾಯಿ ಎಳೆಯುವ ಹಗ್ಗಕ್ಕೆ ತಿಳಿಕಂದು. ಬಂದದ್ದು ದರ್ಜಿಯ ಪಾಲಿಯೆಸ್ಟರ್ ದಾರ, ಎರಡು ಉಂಡೆ, ಎರಡೂ ಕಪ್ಪು. ಕಂಬದ ಹಗ್ಗ ಬಿಗಿಯುವ ದುಂಡು ಬಿಲ್ಲೆಗಳಾದ ಡೆಡ್‌ಐಗಳಲ್ಲಿ ಮೂರು ತೂತು ಇರಬೇಕಲ್ಲ, ಅರ್ಧಕ್ಕರ್ಧದಲ್ಲಿ ತೂತು ಆಚೆ ಬದಿಗೆ ದಾಟಿಲ್ಲ.

ನಕ್ಷೆ ನೋಡಿದರೆ ನಗು ಬರುತ್ತದೆ. ಕೆಳಗಿನ ಮೂಲೆಯಲ್ಲಿ ಕಂಪನಿ ಹೆಸರು ಇರುವ ಚೌಕ ಇರುತ್ತದಲ್ಲ, ಆ ಜಾಗದಲ್ಲಿ ಬಿಳಿ ತೇಪೆ. ತೇಪೆಯ ಅಂಚಿನಲ್ಲಿ ಅಕ್ಷರಗಳ ಬಾಲ ಇನ್ನೂ ಕಾಣುತ್ತಿವೆ.

ಈಗಾಗಲೇ ಇಂಥದ್ದನ್ನು ತಂದಿಟ್ಟುಕೊಂಡವರಿಗೆ: ದಯವಿಟ್ಟು ಸುತ್ತಿಗೆಯಲ್ಲಿ ತಟ್ಟಿ ಕೂರಿಸಬೇಡಿ. 4 ಮಿ.ಮೀ. ಪ್ಲೈಯನ್ನು 3.6ರ ಕಚ್ಚಿಗೆ ತುರುಕಿದರೆ ಕಚ್ಚು ಬಾಯಿ ತೆರೆಯುತ್ತದೆ. ಹದಿಮೂರು ಕಡೆ ಹಾಗಾದರೆ ಕೀಲ್ ಬಾಳೆಹಣ್ಣಿನ ಹಾಗೆ ಬಾಗುತ್ತದೆ, ಬಾಗಿದ ಕೀಲ್ ಮೇಲೆ ಯಾರೂ ನೇರ ಹಡಗು ಕಟ್ಟಿಲ್ಲ. 3 ಮಿ.ಮೀ. ಪ್ಲೈ ತುಂಡಿಗೆ 180ರ ಸ್ಯಾಂಡ್‌ಪೇಪರ್ ಅಂಟಿಸಿ ಅರ ಮಾಡಿಕೊಳ್ಳಿ. ಕಚ್ಚಿನ ಪ್ರತಿ ಗೋಡೆಯಲ್ಲೂ 0.2 ಮಿ.ಮೀ. ತೆಗೆಯಿರಿ, ಎರಡೂ ಗೋಡೆ ಸಮ. ಒಂದೇ ಕಡೆ 0.4 ತೆಗೆದರೆ ಬಲ್ಕ್‌ಹೆಡ್ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ, ಆಮೇಲೆ ಡೆಕ್ ಹಲಗೆ ಅದರ ಮೇಲೆ ಕೂರುವುದಿಲ್ಲ. ಕೀಲ್‌ನಲ್ಲಿ 13, ಬಲ್ಕ್‌ಹೆಡ್‌ಗಳಲ್ಲಿ 13, ಒಟ್ಟು 26 ಕಚ್ಚು, 52 ಗೋಡೆ. ಅವನು ಹೇಳಿದ "ಸ್ವಲ್ಪ ಸ್ಯಾಂಡ್" ಅಂದರೆ ಇದು. ಲೇಸರ್ ಸುಟ್ಟ ಕರಿಯನ್ನೂ ಅಂಟು ಹಾಕುವ ಕಡೆ ತೆಗೆಯಿರಿ, ಫೆವಿಕಾಲ್ ಮಸಿಯನ್ನು ಹಿಡಿಯುತ್ತದೆ, ಮರವನ್ನಲ್ಲ. ಕಂಬದ ಕೋಲನ್ನು 7.2ಕ್ಕೆ ಇಳಿಸಿದರೆ 1:53ಕ್ಕೆ ಸರಿಯಾಗಿಯೇ ಕಾಣುತ್ತದೆ. ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸುತ್ತಾ ಉಜ್ಜಿ. ಲೋಹದ ಕಿಟಕಿಗಳನ್ನು ಎಸೆದು ತೆಳು ಪಟ್ಟಿಯಲ್ಲಿ ಹೊಸದು ಮಾಡಿಕೊಳ್ಳಿ. ದಾರ ಚಿಕ್ಕಪೇಟೆಯಲ್ಲಿ ಹುಡುಕಿ, ಹತ್ತಿಯದ್ದೇ ಕೇಳಿ, ಜೇನುಮೇಣದ ಮೇಲೆ ಎಳೆದರೆ ಜುಂಗು ಕೂರುತ್ತದೆ. ಎರಡನೇ ಪದರಕ್ಕೆ ತೇಗದ ವೆನಿಯರ್ ಹಾಕಿ ಅಂತ ಯಾರಾದರೂ ಅಂದರೆ ಕೇಳಬೇಡಿ, ಅದರ ಎಳೆ ಈ ಅಳತೆಗೆ ಬಹಳ ಒರಟು. ಡೆಡ್‌ಐ, ಬ್ಲಾಕ್‌ಗಳನ್ನು (ಹಗ್ಗ ಹಾಯುವ ರಾಟೆಗಳನ್ನು) ಸ್ವಂತ ಮಾಡುವವರು ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರದ ಚೂರು ಸಿಕ್ಕರೆ ಬಿಡಬೇಡಿ. ಎಳೆ ನಯ, ಸಣ್ಣ ತೂತು ಕೊರೆದರೂ ಅಂಚು ಸಿಗಿಯುವುದಿಲ್ಲ.

ಇಷ್ಟೆಲ್ಲ ಮಾಡಿ, ₹16,800 ಯಾಕೆ ಕೊಡಬೇಕು?

ಕೊಳ್ಳುವವರು ಒಂದು ಕ್ಯಾಲಿಪರ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ಸೀಲ್ ಅವನ ಎದುರೇ ಒಡೆಯಿರಿ, ದುಡ್ಡು ಕೊಡುವ ಮುಂಚೆ. ಒಪ್ಪದಿದ್ದರೆ ಬಿಟ್ಟು ಬನ್ನಿ. ಪ್ಲೈ ದಪ್ಪ, ಕಚ್ಚಿನ ಅಗಲ ಎರಡೇ ಅಳೆಯಿರಿ, ಅರ್ಧ ನಿಮಿಷದ ಕೆಲಸ. ಕೀಲ್ ಎತ್ತಿ ಕಣ್ಣಿನ ನೇರಕ್ಕೆ ಹಿಡಿದು ಬಾಗು ನೋಡಿ. ನಕ್ಷೆಯ ಮೂಲೆ ನೋಡಿ. ಒದ್ದೆ ಹತ್ತಿ ಒಯ್ಯಿರಿ, ನಾಚಿಕೆ ಪಡಬೇಡಿ. ಬಿಲ್ ಇಲ್ಲ ಅಂದವನ ಹತ್ತಿರ ಏನೂ ಕೊಳ್ಳಬೇಡಿ, ಏನೂ.

ದೂರಿನ ವಿಷಯ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿದ್ದಾಗಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ಎದುರು ಪಕ್ಷದ ಹೆಸರು, ವಿಳಾಸ ಅಂತ ಒಂದು ಜಾಗ ಇರುತ್ತದಲ್ಲ, ಅಲ್ಲಿ ಏನು ಬರೆಯುವುದು? ವಾಟ್ಸಾಪ್‌ನಲ್ಲಿ ಇದ್ದ ಹೆಸರು ಒಂದು, ಯುಪಿಐ ಮಾಡಿದಾಗ ಬಂದ ಹೆಸರು ಇನ್ನೊಂದು. ದುಡ್ಡು ಒತ್ತುವ ಮುಂಚೆ ಪರದೆ ಮೇಲೆ ಆ ಹೆಸರು ಬಂದೇ ಇತ್ತು. "ಅದು ನಮ್ಮ ಮಿಸೆಸ್ ಅಕೌಂಟ್ ಸರ್" ಅಂದಿದ್ದ, ಸರಿ ಅಂತ ಒತ್ತಿದ್ದಾಯಿತು.

ಅವನ ಫೋಟೋ ಗುರುತು ಹೇಳುತ್ತೇನೆ: ನೀಲಿ ಚೌಕುಳಿ ಮೇಜುಬಟ್ಟೆ, ಬಲಗಡೆ ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ. ನಿನ್ನೆ ಬೇರೆ ನಂಬರ್‌ನಿಂದ ಒಂದು ಜಾಹೀರಾತು ಬಂದಿದೆ, ಅದೇ ಮೇಜುಬಟ್ಟೆ, ಅದೇ ಕಲೆ. ಬೌಂಟಿ, 1:48, ಸೀಲ್ ಪ್ಯಾಕ್, ಲಾಸ್ಟ್ ಪೀಸ್. ಈಗ ₹17,500.