ಕೀಮುನ್ನಿನ ಘಮ, ಯುನ್ನಾನಿನ ಸಿಹಿ

ನಾವು ಕಪ್ಪು ಚಹಾ ಎನ್ನುವುದು ಚೀನಾದಲ್ಲಿ ಹೊಂಗ್ ಚಾ, ಅಂದರೆ ಕೆಂಪು ಚಹಾ. ಬಟ್ಟಲಿಗಿಳಿದ ರಸದ ಬಣ್ಣ ನೋಡಿ ಇಟ್ಟ ಹೆಸರದು. ಆ ಕೆಂಪಿನಲ್ಲಿಯೂ ಎಷ್ಟು ಅಂತರವಿದೆಯೆಂದು ತಿಳಿಯಲು ಅನ್ಹುಯಿ ಪ್ರಾಂತ್ಯದ ಕೀಮುನ್ ಮತ್ತು ಯುನ್ನಾನಿನ ದಿಯಾನ್ ಹೊಂಗ್ ಎರಡನ್ನೂ ಮೂರು ವಾರ ಅಕ್ಕಪಕ್ಕದಲ್ಲಿಟ್ಟು ಕುಡಿದೆ. ಪ್ರತಿ ಸಲವೂ 4 ಗ್ರಾಂ ಎಲೆ, 120 ಮಿಲಿಲೀಟರ್ ಹಿಡಿಯುವ ಮುಚ್ಚಳದ ಪಿಂಗಾಣಿ ಬಟ್ಟಲು, 90 ಡಿಗ್ರಿಯ ನೀರು.

ಕೀಮುನ್ ಎಲೆ ಸಣ್ಣದು, ಕಪ್ಪಗೆ ದಾರದಂತೆ ಹೊಸೆದುಕೊಂಡಿರುತ್ತದೆ. 1875ರ ಹೊತ್ತಿಗೆ ಚಿಮೆನ್ ಸೀಮೆಯಲ್ಲಿ ಆರಂಭವಾದ ಈ ಚಹಾದ ಹೆಚ್ಚುಗಾರಿಕೆ ಇರುವುದು ಪರಿಮಳದಲ್ಲಿ. ಗುಲಾಬಿಯಲ್ಲಿರುವ ಜೆರಾನಿಯಾಲ್ ಎಂಬ ಅಂಶವೇ ಇದರಲ್ಲಿಯೂ ಧಾರಾಳವಾಗಿದೆ. ಮೊದಲ ರಸ ಬಸಿದು ಮುಚ್ಚಳದ ಒಳಬದಿಯನ್ನು ಮೂಗಿಗೆ ಹಿಡಿದಾಗ ಮೊದಲು ಹೂವು, ಆಮೇಲೆ ಒಣದ್ರಾಕ್ಷಿ, ಕೊನೆಗೆ ಇದ್ದೂ ಇಲ್ಲದಂಥ ಹೊಗೆ, ಹೀಗೆ ಒಂದರ ಹಿಂದೊಂದು ಬಂದವು. ಆದರೆ ಒಂದು ದಿನ ಕುದಿಯುವ ನೀರು ಹೊಯ್ದು ನಾಲ್ಕು ನಿಮಿಷ ಬಿಟ್ಟೆ. ನಾಲಗೆಯನ್ನು ಹಿಡಿದೆಳೆಯುವ ಒಗರು ಬಂದು ಆ ಪರಿಮಳವೆಲ್ಲ ಅಡಗಿಹೋಯಿತು.

ದಿಯಾನ್ ಹೊಂಗ್ ಇಷ್ಟು ನಾಜೂಕಿನದಲ್ಲ. ಜಪಾನಿನೊಂದಿಗಿನ ಯುದ್ಧದಿಂದ ಪೂರ್ವದ ಚಹಾ ಸೀಮೆಗಳು ಕೈತಪ್ಪುತ್ತಿದ್ದ 1938-39ರಲ್ಲಿ ಫೆಂಗ್‌ಚಿಂಗ್‌ನಲ್ಲಿ ಇದನ್ನು ರೂಪಿಸಿದರು. ಅಸ್ಸಾಮಿನ ಗಿಡದ ಬಳಗಕ್ಕೇ ಸೇರಿದ ದೊಡ್ಡ ಎಲೆ ಇದರದು. ಕುಡಿಗಳ ಮೇಲೆ ಚಿನ್ನದ ಬಣ್ಣದ ನವಿರು ರೋಮ. ರಸ ಗಾಢವಾಗಿ, ಕೆಂಡದಲ್ಲಿ ಸುಟ್ಟ ಗೆಣಸಿನ ಸಿಹಿ ಹೊತ್ತು ಬರುತ್ತದೆ. ನುಂಗಿದ ಮೇಲೆ ಗಂಟಲಿನಲ್ಲಿ ಕಾಳುಮೆಣಸಿನಂಥ ಒಂದು ಬಿಸುಪು ಉಳಿಯುತ್ತದೆ. ಮೂರನೆಯ ಸಲ ನೀರು ಹೊಯ್ಯುವಾಗ ಕೀಮುನ್ ಸೊರಗಿತ್ತು, ಇದು ಐದನೆಯದಕ್ಕೂ ಸಿಹಿ ಉಳಿಸಿಕೊಂಡಿತ್ತು.

ಜೊತೆಗೆ ಫುಜಿಯಾನಿನ ಲ್ಯಾಪ್‌ಸಾಂಗ್ ಸೂಚಾಂಗ್ ಕೂಡ ತರಿಸಿದ್ದೆ; ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಆ ಎಲೆ ಬಚ್ಚಲೊಲೆಯ ನೆನಪು ತಂದಿತಾದರೂ ಹೊಗೆಯ ಮುಂದೆ ಬೇರೆ ರುಚಿ ನನಗೆ ಹತ್ತಲಿಲ್ಲ.

ಹಾಲು ಬೆರೆಸಿ ಕುಡಿಯುವ ನಮ್ಮ ರೂಢಿಗೆ ದಿಯಾನ್ ಹೊಂಗ್ ಒಂದಿಷ್ಟು ಒಗ್ಗುತ್ತದೆ, ಎರಡು ಚಮಚ ಹಾಲಿಗೂ ಅದರ ಮೈ ಕರಗುವುದಿಲ್ಲ. ಕೀಮುನ್ನಿಗೆ ಹಾಲು ಹಾಕುವುದು ಅದಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ. ಆದರೂ ಬೆಳಗಿನ ಮೊದಲ ಬಟ್ಟಲಿಗೆ ನಾನು ಕೀಮುನ್ ಡಬ್ಬಿಯನ್ನೇ ತೆರೆಯುತ್ತೇನೆ. ಕುಡಿದು ಮುಗಿಸಿದ ಮೇಲೆಯೂ ಬರಿಬಟ್ಟಲಿನಲ್ಲಿ ಆ ಹೂವಿನ ಘಮ ಹಾಗೆಯೇ ಕುಳಿತಿರುತ್ತದೆ.